ಓಡುವಾಗ ಬಿದ್ದ ಮಗಳು, ಈಜು ಬಲ್ಲವನಾಗಿಯೂ ಮುಳುಗಿದ ಅಣ್ಣ: ಹೃದಯ ತಜ್ಞರ ಬಳಿ ಹೋಗುವ ಮುನ್ನ

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ಮಗಳಿಗೆ 14 ವರ್ಷ. ಎರಡು ವರ್ಷಗಳ ಹಿಂದೆ ಶಾಲೆಯಲ್ಲಿ ಖೋಖೋ ಆಡುವಾಗ ಚಕ್ಕರ್ ಬಂದು ಬಿದ್ದಳು. ಕೈಕಾಲು ಅದುರಿದವು ಎಂದು ನೋಡಿದವರು ಹೇಳಿದ್ದರಿಂದ ಫಿಟ್ಸ್ ಎಂದು ಮಾತ್ರೆ ಶುರು ಮಾಡಿದರು, ಈಗಲೂ ಕೊಡುತ್ತಿದ್ದೇವೆ. ತಲೆಯ ಸ್ಕ್ಯಾನ್, ಇಇಜಿ ಎರಡೂ ಸರಿಯಾಗಿವೆ. ಕಳೆದ ತಿಂಗಳು ಬಸ್ಸು ಹಿಡಿಯಲು ಓಡಿ ಮತ್ತೆ ಬಿದ್ದಳು. ಈ ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ‘ಕ್ಯೂಟಿಸಿ 490’ ಎಂದು ಚೀಟಿಯಲ್ಲಿ ಬರೆದು, ಕಲಬುರಗಿಯಲ್ಲಿ ಹೃದಯ ತಜ್ಞರಿಗೆ ತೋರಿಸಲು ಹೇಳಿದ್ದಾರೆ. ಅಲ್ಲಿ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾರೆ. ನನ್ನ ಅಣ್ಣ 16ನೇ ವಯಸ್ಸಿನಲ್ಲಿ ಹೊಲದ ಬಾವಿಯಲ್ಲಿ ಮುಳುಗಿ ತೀರಿಕೊಂಡ. ಅವನಿಗೆ ಈಜು ಚೆನ್ನಾಗಿ ಬರುತ್ತಿತ್ತು. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ಹೀಗಾಗಿ ನನಗೆ ಅತ್ತೆಯೂ ಆಗಿರುವ ಆಯಿ, ಅಂದರೆ ನನ್ನ ತಾಯಿಯ ತಾಯಿ, ‘ಅಣ್ಣನ ವಿಷಯ ಡಾಕ್ಟರ ಮುಂದೆ ಎತ್ತಬೇಡ, ನಾಳೆ ಕನ್ಯಾ ನೋಡಲು ಯಾರೂ ಬರುವುದಿಲ್ಲ’ ಎನ್ನುತ್ತಾರೆ. ಓಣಿಯವರು ಗಾಳಿ ಸೋಕಿದೆ ಎನ್ನುತ್ತಾರೆ. ಇದು ಫಿಟ್ಸೋ, ಹೃದಯದ ರೋಗವೋ? ಎದೆಯಲ್ಲಿ ಮೆಷಿನ್ ಕೂಡಿಸಬೇಕಾಗುತ್ತದೆಯೇ? ಏನೇನು ಒಯ್ಯಬೇಕು? ನಾಲ್ಕು ವರ್ಷದ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವನ ಕಿವಿ ಆಪರೇಷನ್ನಿಗೂ ಓಡಾಡುತ್ತಿದ್ದೇವೆ, ಆದ್ದರಿಂದ ಒಂದೇ ಸಲಕ್ಕೆ ಕೆಲಸ ಆಗುವ ಹಾಗೆ ತಿಳಿಸಿ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಮಗಳ ಬಗ್ಗೆ ಇಷ್ಟೆಲ್ಲ ಬರೆದು, ಮಗನ ಕಿವಿಯ ವಿಷಯವನ್ನು ಬೇರೊಂದು ತಾಪತ್ರಯವೆಂಬಂತೆ ಕಡೆಗೆ ಸೇರಿಸಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹಚ್ಚಿದ್ದು ಆ ಮಾತೇ. ನಾಳೆ ಬೆಳಿಗ್ಗೆಯೇ ಅವನನ್ನು ಅದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಅಕ್ಕನಿಗೆ ತೆಗೆದಂತೆ ಅವನಿಗೂ ಒಂದು ಇಸಿಜಿ ತೆಗೆಸಿ, ಕ್ಯೂಟಿ, ಅಂದರೆ ಒಂದು ಬಡಿತದ ವಿದ್ಯುತ್ ಚಟುವಟಿಕೆ ಆರಂಭವಾಗಿ ಮುಗಿಯುವವರೆಗಿನ ಅಂತರ, ಎಷ್ಟಿದೆ ಎಂದು ಕೇಳಿ ಬರೆಸಿಕೊಳ್ಳಿ. ಅದು ಹೆಚ್ಚಿದ್ದರೆ ಯಾವ ಸರದಿಗೂ ಕಾಯದೆ ಅದೇ ದಿನ ಕಲಬುರಗಿಗೆ ಹೊರಡಬೇಕು. ಈ ಇಸಿಜಿಯನ್ನು ನೋಡದೆ ಕಿವಿಯ ಆಪರೇಷನ್ನಿಗೆ ಮಗುವಿಗೆ ಅರಿವಳಿಕೆ ಕೊಡಬಾರದು ಎಂಬುದನ್ನು ಆ ವೈದ್ಯರಿಗೂ ಇಂದೇ ತಿಳಿಸಿ.

ಕಿವಿಗೂ ಹೃದಯಕ್ಕೂ ಎಲ್ಲಿಯ ಸಂಬಂಧ ಎಂದು ನಿಮಗೆ ಅನ್ನಿಸುವುದು ಸಹಜ. ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗಲು ಇರುವ ಒಂದು ಬಗೆಯ ಸಣ್ಣ ದಾರಿಯೇ ಒಳಕಿವಿಯಲ್ಲಿಯೂ ಇದ್ದು, ಅಲ್ಲಿನ ದ್ರವದಲ್ಲಿ ಪೊಟ್ಯಾಸಿಯಂ ಸರಿಯಾದ ಮಟ್ಟದಲ್ಲಿರುವಂತೆ ನೋಡಿಕೊಳ್ಳುತ್ತದೆ. ಆ ದಾರಿಯನ್ನು ಕಟ್ಟುವ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಪ್ರತಿಗಳಲ್ಲಿ ನಮಗೆ ಬರುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಕಿವಿ ಸರಿಯಾಗಿದ್ದು ಹೃದಯದ ಲಯದಲ್ಲಿ ಮಾತ್ರ ತೊಂದರೆ ಕಾಣಿಸಬಹುದು. ಎರಡೂ ಕೆಟ್ಟಿದ್ದರೆ ಮಗು ಹುಟ್ಟಿನಿಂದ ಕಿವುಡಾಗಿರುತ್ತದೆ, ಹೃದಯದ ತೊಂದರೆಯೂ ಹೆಚ್ಚು ತೀವ್ರವಾಗಿರುತ್ತದೆ. ನಾರ್ವೆಯ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು 1957ರಲ್ಲಿ ಇಂಥದ್ದೇ ಒಂದು ಮನೆಯನ್ನು ವಿವರಿಸಿದರು. ಅಲ್ಲಿ ಆರು ಮಕ್ಕಳಲ್ಲಿ ನಾಲ್ವರು ಹುಟ್ಟು ಕಿವುಡರಾಗಿದ್ದು ಆಗಾಗ ಎಚ್ಚರ ತಪ್ಪಿ ಬೀಳುತ್ತಿದ್ದರು, ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡರು. ಹುಟ್ಟು ಕಿವುಡಿರುವ ಬಹುಪಾಲು ಮಕ್ಕಳಿಗೆ ಇದು ಇರುವುದಿಲ್ಲ, ಅವರ ಕಿವುಡಿಗೆ ಬೇರೆ ಕಾರಣಗಳಿರುತ್ತವೆ. ಆದರೆ ಓಡುವಾಗ ಬೀಳುವ ಅಕ್ಕ, ನೀರಿನಲ್ಲಿ ತೀರಿಕೊಂಡ ಮಾವ, ರಕ್ತಸಂಬಂಧದಲ್ಲಿ ಮದುವೆಯಾದ ತಂದೆತಾಯಿ ಇರುವ ಮನೆಯಲ್ಲಿ ಕಿವುಡು ಮಗುವಿನ ಇಸಿಜಿ ತೆಗೆಯದೇ ಇರುವುದು ತಪ್ಪಾಗುತ್ತದೆ. ಐದು ನಿಮಿಷದ, ನೋವಿಲ್ಲದ ಪರೀಕ್ಷೆ ಅದು.

ಮಗಳ ವಿಷಯದಲ್ಲಿಯೂ ಹದಿನೈದು ದಿನಗಳ ಕಾಯುವಿಕೆ ನನಗೆ ಒಪ್ಪಿಗೆಯಿಲ್ಲ. ಸರದಿ ಬರೆದುಕೊಂಡವರಿಗೆ ‘ಚಕ್ಕರ್ ಬಂದ ಹುಡುಗಿ’ ಎಂದಷ್ಟೇ ತಿಳಿದಿರಬಹುದು. ಚೀಟಿ ಬರೆದ ತಾಲ್ಲೂಕು ವೈದ್ಯರ ಬಳಿ ಮತ್ತೊಮ್ಮೆ ಹೋಗಿ, ಓಡುವಾಗ ಎರಡು ಸಲ ಎಚ್ಚರ ತಪ್ಪಿದ್ದಾಳೆ, ಮನೆಯಲ್ಲಿ ಎಳೆಯ ವಯಸ್ಸಿನ ಸಾವು ಆಗಿದೆ, ಕ್ಯೂಟಿಸಿ 490 ಇದೆ ಎಂಬ ಮೂರೂ ಸಂಗತಿಗಳನ್ನು ಒಂದೇ ಕಾಗದದಲ್ಲಿ ಬರೆದುಕೊಡಲು, ಸಾಧ್ಯವಾದರೆ ಅವರೇ ಕಲಬುರಗಿಗೆ ಫೋನ್ ಮಾಡಿ ಮಾತನಾಡಲು ಕೇಳಿಕೊಳ್ಳಿ. ಈ ಮೂರನ್ನೂ ಒಟ್ಟಿಗೆ ಓದಿದ ಹೃದಯ ವೈದ್ಯರು ಸಾಮಾನ್ಯವಾಗಿ ಎರಡು ವಾರ ಕಾಯಿಸುವುದಿಲ್ಲ. ಈ ನಡುವೆ ಆಕೆ ಮತ್ತೆ ಬಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಇದು ಫಿಟ್ಸೋ ಹೃದಯದ ರೋಗವೋ ಎಂಬುದು. ನೀವು ಬರೆದಿರುವುದೆಲ್ಲ ಹೊಂದುವುದು ಲಾಂಗ್ ಕ್ಯೂಟಿ ಎಂಬ ಆನುವಂಶಿಕ ಲಯದೋಷಕ್ಕೆ. ನೋಡದೆ ನಾನು ರೋಗ ಹೆಸರಿಸಲಾರೆ, ಆದರೆ ಅನುಮಾನ ಬಲವಾಗಿದೆ. ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಅಣಿಯಾಗಲು ಅದರ ಜೀವಕೋಶಗಳು ವಿದ್ಯುತ್ತಿನ ದೃಷ್ಟಿಯಿಂದ ಮೊದಲಿನ ಸ್ಥಿತಿಗೆ ಮರಳಬೇಕು. ಈ ರೋಗದಲ್ಲಿ ಹಾಗೆ ಮರಳಲು ಹೆಚ್ಚು ಸಮಯ ಹಿಡಿಯುತ್ತದೆ. ಓಟ, ಈಜು, ಗಾಬರಿ ಇವುಗಳಿಂದ ಬಡಿತ ಏಕಾಏಕಿ ಹೆಚ್ಚಿದಾಗ, ಇನ್ನೂ ಅಣಿಯಾಗದ ಹೃದಯ ಲಯ ತಪ್ಪಿ, ಬಡಿಯುವ ಬದಲು ನಡುಗತೊಡಗುತ್ತದೆ. ರಕ್ತ ಮೆದುಳಿಗೆ ಏರುವುದಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಬಹಳ ಸಲ ಲಯ ತಾನಾಗಿಯೇ ಸರಿಹೋಗಿ ಮಗು ಎದ್ದು ಕೂರುತ್ತದೆ. ಸರಿಹೋಗದಿದ್ದ ದಿನ ಜೀವ ಹೋಗುತ್ತದೆ. ಸುಮಾರು 2,000 ಮಂದಿಯಲ್ಲಿ ಒಬ್ಬರಿಗೆ ಈ ದೋಷ ಇರುತ್ತದೆ ಎಂಬುದು ಅಂಗೀಕೃತ ಅಂದಾಜು, ಹಾಗಾಗಿ ನಾವು ಅಂದುಕೊಂಡಷ್ಟು ಅಪರೂಪದ್ದೇನಲ್ಲ.

ಈ ರೋಗದಲ್ಲಿ ಹಲವು ಬಗೆಗಳಿವೆ. ಮೊದಲ ಬಗೆಯಲ್ಲಿ ಓಟ ಮತ್ತು ಮುಖ್ಯವಾಗಿ ಈಜು ಅಪಾಯ ತರುತ್ತವೆ. ಎರಡನೆಯದರಲ್ಲಿ ಅಲಾರಾಂ, ಫೋನಿನ ಗಂಟೆ, ಪಟಾಕಿಯಂಥ ಹಠಾತ್ ಶಬ್ದ ಸಾಕು. ಮೂರನೆಯದರಲ್ಲಿ ನಿದ್ರೆಯಲ್ಲೇ ತೊಂದರೆಯಾಗುವುದು ಹೆಚ್ಚು. ಈಜು ಬಲ್ಲ ಹುಡುಗ ಬಾವಿಯಲ್ಲಿ ಮುಳುಗಿದ ಎಂದರೆ ಹೃದಯ ವೈದ್ಯರ ಕಿವಿ ನೆಟ್ಟಗಾಗುವುದು ಆ ಮೊದಲ ಬಗೆಯ ಕಾರಣಕ್ಕೇ. ನೀರಿಗೆ ಹಾರಿದ ಕ್ಷಣದಲ್ಲಿ ಲಯ ತಪ್ಪಿದರೆ ಎಂಥ ಈಜುಗಾರನಾದರೂ ಮೇಲೆ ಬರಲಾರ.

ಕೈಕಾಲು ಅದುರಿದವು ಎಂಬ ಒಂದೇ ಮಾತಿನಿಂದ ಫಿಟ್ಸ್ ಎನ್ನಲಾಗದು. ಮೆದುಳಿಗೆ ರಕ್ತ ಕಡಿಮೆಯಾದಾಗಲೂ ಕೈಕಾಲು ಅದುರುತ್ತವೆ, ಬಟ್ಟೆಯಲ್ಲಿ ಮೂತ್ರವೂ ಹೋಗಬಹುದು. ಸಾಮಾನ್ಯವಾಗಿ ಮೂರ್ಛೆರೋಗದಲ್ಲಿ ಅದುರುವಿಕೆ ನಿಮಿಷಗಟ್ಟಲೆ ನಡೆಯುತ್ತದೆ, ನಾಲಿಗೆಯ ಅಂಚು ಕಚ್ಚಿರುತ್ತದೆ, ಎದ್ದ ಮೇಲೆ ಮಂಕು ಕವಿದಂತಾಗಿ ತಾನೆಲ್ಲಿದ್ದೇನೆ ಎಂಬುದೂ ಬಹಳ ಹೊತ್ತು ತಿಳಿಯುವುದಿಲ್ಲ. ಹೃದಯದ ಕಾರಣಕ್ಕೆ ಬಿದ್ದವರ ಮುಖ ಬಿಳುಚಿರುತ್ತದೆ, ಮೈ ಸಡಿಲವಾಗಿರುತ್ತದೆ, ಬೇಗ ಎಚ್ಚರವಾಗಿ ‘ಏನಾಯಿತು?’ ಎಂದು ಕೇಳುತ್ತಾರೆ. ಶಾಲೆಯ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು, ಬೆವತು, ಕಣ್ಣು ಕತ್ತಲಿಟ್ಟು ಬೀಳುವುದು ಮೂರನೆಯ ಬಗೆ. ಮಕ್ಕಳಲ್ಲಿ ಅದೇ ಹೆಚ್ಚು, ಅದರಿಂದ ಅಪಾಯವೂ ಕಡಿಮೆ. ನಿಂತಾಗ ಬೀಳುವುದು ಬೇರೆ, ಓಡುತ್ತಿರುವಾಗಲೇ ಬೀಳುವುದು ಬೇರೆ ಎಂದು ನಾನು ಶಿಕ್ಷಕರಿಗೆ ಸಿಕ್ಕಾಗಲೆಲ್ಲ ಹೇಳುತ್ತೇನೆ. ಹೀಗೆಂದು ನೀವಾಗಿ ಫಿಟ್ಸ್ ಮಾತ್ರೆಯನ್ನು ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರುವ ಸಂಭವವಿದೆ. ಆ ನಿರ್ಧಾರ ಮಾತ್ರೆ ಬರೆದ ವೈದ್ಯರು, ಹೃದಯ ವೈದ್ಯರು ಇಬ್ಬರೂ ಸೇರಿ ಮಾಡಬೇಕಾದದ್ದು.

ಗಾಳಿ ಸೋಕಿದೆ ಎನ್ನುವವರೊಡನೆ ನೀವು ಜಗಳಕ್ಕಿಳಿಯಬೇಕಾಗಿಲ್ಲ. ಆಟವಾಡುತ್ತಿದ್ದ ಮಗು ಬಿದ್ದು, ಎರಡು ನಿಮಿಷಕ್ಕೆ ಏನೂ ಆಗದಂತೆ ಎದ್ದು ಕುಳಿತರೆ ನೋಡಿದವರಿಗೆ ಹಾಗೆನ್ನಿಸುವುದು ಆಶ್ಚರ್ಯವಲ್ಲ. ದೇವರಿಗೆ ಕಾಯಿ ಒಡೆಸುವುದಕ್ಕೆ ನನ್ನ ಅಡ್ಡಿಯಿಲ್ಲ. ಬಿದ್ದ ಮಗುವಿಗೆ ಉಳ್ಳಾಗಡ್ಡಿ ಮೂಸಿಸುತ್ತ, ಕೈಯಲ್ಲಿ ಬೀಗದ ಕೈ ಹಿಡಿಸುತ್ತ ಕಳೆಯುವ ನಿಮಿಷಗಳ ಬಗ್ಗೆ ಮಾತ್ರ ನನ್ನ ತಕರಾರು. ಮೈ ಅಲುಗಿಸಿ ಕೂಗಿದರೂ ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ತಡಮಾಡದೆ ಎದೆಯ ನಡುವೆ ಅಂಗೈ ಊರಿ, ನಿಮಿಷಕ್ಕೆ 100ರಿಂದ 120ರಷ್ಟು ವೇಗದಲ್ಲಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಮನೆಯಲ್ಲಿ ಕನಿಷ್ಠ ಇಬ್ಬರು, ಶಾಲೆಯಲ್ಲಿ ದೈಹಿಕ ಶಿಕ್ಷಕರು ಇದನ್ನು ಕಲಿತಿರಲಿ. ಕಲಬುರಗಿಗೆ ಬಂದ ದಿನವೇ ಆಸ್ಪತ್ರೆಯಲ್ಲಿ ತೋರಿಸಿಕೊಡಲು ಕೇಳಿ.

ಏನೇನು ಒಯ್ಯಬೇಕು ಎಂಬುದಕ್ಕೆ ಬರೋಣ. ಜನ ದಪ್ಪ ಫೈಲು ತರುತ್ತಾರೆ, ಅದರಲ್ಲಿ ತಲೆಯ ಸ್ಕ್ಯಾನಿನ ದೊಡ್ಡ ಫಿಲ್ಮುಗಳಿರುತ್ತವೆ, ರಕ್ತಪರೀಕ್ಷೆಯ ಹತ್ತು ಹಾಳೆಗಳಿರುತ್ತವೆ. ನಾವು ಹುಡುಕುವ ಇಸಿಜಿ ಮಾತ್ರ ಇರುವುದಿಲ್ಲ. ಇದ್ದರೂ ‘ಇಸಿಜಿ ನಾರ್ಮಲ್’ ಎಂಬ ಒಂದು ಸಾಲು ಇರುತ್ತದೆ, ಪಟ್ಟಿ ಇರುವುದಿಲ್ಲ. ನಮಗೆ ಬೇಕಾದದ್ದು ಗೆರೆಗಳಿರುವ ಆ ಪಟ್ಟಿಯೇ. ಒಮ್ಮೆ ಬೀದರ್ ಕಡೆಯ ತಂದೆಯೊಬ್ಬರು ಮಗನ ಇಸಿಜಿಯನ್ನು ಮೂರು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿದ್ದವರು, ನನ್ನಲ್ಲಿಗೆ ಬರುವ ಹಿಂದಿನ ದಿನ ಹಾಳಾಗಬಾರದೆಂದು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದರು. ಚೀಲದಿಂದ ತೆಗೆದಾಗ ಅದು ಅಡಿಯಿಂದ ಮುಡಿಯವರೆಗೆ ಕಪ್ಪಾಗಿತ್ತು, ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಬರೆದಿದ್ದ ಹೆಸರಷ್ಟೇ ಒಂದಿಷ್ಟು ಕಾಣುತ್ತಿತ್ತು. ಬಹುತೇಕ ಇಸಿಜಿ ಕಾಗದ ಶಾಖಕ್ಕೆ ಬಣ್ಣ ಬದಲಿಸುವಂಥದ್ದು. ಶಾಖದಿಂದಲೇ ಅದರ ಮೇಲೆ ಗೆರೆ ಮೂಡುತ್ತದೆ, ಶಾಖದಿಂದಲೇ ಅಳಿಯುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ತಗಡಿನ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟ ಪಟ್ಟಿಗಳು ತಾವಾಗಿಯೇ ಮಾಸುತ್ತವೆ. ಇಂದೇ ಆ ಪಟ್ಟಿಯನ್ನು ಬೆಳಕಿನಲ್ಲಿ ಹಾಸಿ, ನೆರಳು ಬೀಳದಂತೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಎರಡು ಝೆರಾಕ್ಸ್ ಮಾಡಿಸಿ, ಮೂಲವನ್ನು ಮಡಚದೆ ಕಾಗದದ ಲಕೋಟೆಯಲ್ಲಿಡಿ. ಎರಡು ವರ್ಷಗಳ ಹಿಂದೆ ಬಿದ್ದಾಗ ಎಲ್ಲಿಯಾದರೂ ಇಸಿಜಿ ತೆಗೆದಿದ್ದರೆ ಅದನ್ನೂ ಕೇಳಿ ತರಿಸಿ. ಹಳೆಯ ಪಟ್ಟಿಯಲ್ಲಿ ಆಗ ಯಾರೂ ಗಮನಿಸದಿದ್ದದ್ದು ಈಗ ಕಾಣಬಹುದು.

490 ಎಂಬ ಸಂಖ್ಯೆಯ ಬಗ್ಗೆ ಎರಡು ಮಾತು. ಇಸಿಜಿ ಕಾಗದದ ಒಂದು ಸಣ್ಣ ಚೌಕ 40 ಮಿಲಿಸೆಕೆಂಡು. ಒಂದು ಬಡಿತದ ವಿದ್ಯುತ್ ಚಟುವಟಿಕೆ ಆರಂಭವಾಗಿ ಮುಗಿಯುವವರೆಗಿನ ಅಂತರ ಹತ್ತು ಚೌಕವಾದರೆ ಕ್ಯೂಟಿ 400. ಬಡಿತ ವೇಗವಾದಂತೆ ಈ ಅಂತರ ಕುಗ್ಗಬೇಕು. ಅದಕ್ಕಾಗಿ ವೇಗಕ್ಕೆ ತಕ್ಕಂತೆ ಲೆಕ್ಕ ತಿದ್ದಿ ಪಡೆದ ಸಂಖ್ಯೆಯೇ ಕ್ಯೂಟಿಸಿ. ನಿಮಿಷಕ್ಕೆ 60 ಬಡಿತವಿದ್ದಾಗ 400 ಇದ್ದರೆ ಕ್ಯೂಟಿಸಿಯೂ 400, ಆತಂಕಕ್ಕೆ ಕಾರಣವಿಲ್ಲ. ಅದೇ 400, ಬಡಿತ 90 ಇರುವಾಗ ಕಂಡರೆ ಕ್ಯೂಟಿಸಿ 490 ಆಗುತ್ತದೆ. ಬೇರೆ ಕಾರಣವಿಲ್ಲದೆ, ಒಂದಕ್ಕಿಂತ ಹೆಚ್ಚು ಸಲ ತೆಗೆದ ಇಸಿಜಿಯಲ್ಲಿ 480 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಲಾಂಗ್ ಕ್ಯೂಟಿ ಎಂದು ಪರಿಗಣಿಸುತ್ತೇವೆ. ಎಚ್ಚರ ತಪ್ಪಿ ಬಿದ್ದವರಲ್ಲಿ 460ಕ್ಕೇ ಎಚ್ಚರ ವಹಿಸುತ್ತೇವೆ. ಹೆದರಿದ ಮಗುವಿನ ಬಡಿತ ಹೆಚ್ಚಿದ್ದಾಗ ಈ ಲೆಕ್ಕ ಸ್ವಲ್ಪ ಏರುವುದುಂಟು, ಯಂತ್ರವೂ ತಪ್ಪು ಅಳೆಯುವುದುಂಟು. ಆದ್ದರಿಂದ ವೈದ್ಯರು ಮತ್ತೆ ಮತ್ತೆ ಇಸಿಜಿ ತೆಗೆದು, ಸ್ಕೇಲು ಹಿಡಿದು ತಾವೇ ಅಳೆದರೆ ದುಡ್ಡಿಗಾಗಿ ಎಂದು ಭಾವಿಸಬೇಡಿ. ಇದರ ಇನ್ನೊಂದು ಮುಖವೂ ಇದೆ. ಕೆಟ್ಟ ಜೀನ್ ಇರುವವರಲ್ಲಿ ಸುಮಾರು ಕಾಲುಭಾಗದವರ ಇಸಿಜಿ ಸಾಮಾನ್ಯವಾಗಿಯೇ ಕಾಣಬಹುದು. ‘ನನ್ನದು ನಾರ್ಮಲ್ ಬಂತು’ ಎಂದು ನಿಮ್ಮ ಯಜಮಾನರು ಅಲ್ಲಿಗೇ ಕೈತೊಳೆದುಕೊಳ್ಳುವಂತಿಲ್ಲ.

ಕಾಗದಗಳಿಗಿಂತ ಮುಖ್ಯವಾಗಿ ನೀವು ತರಬೇಕಾದದ್ದು ಬಿದ್ದ ಹೊತ್ತಿನ ವಿವರ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಎಡವಿದ್ದೇನೆ. ‘ಫಿಟ್ಸ್ ಕೇಸು’ ಎಂದು ಚೀಟಿಯಲ್ಲಿ ಬರೆದು ಬಂದಿದ್ದ ಹುಡುಗನೊಬ್ಬನನ್ನು ಹಾಗೆಯೇ ನಂಬಿ ನರರೋಗ ವಿಭಾಗಕ್ಕೆ ಕಳುಹಿಸಿದ್ದೆ. ಎರಡನೆಯ ಸಲ ಬಂದಾಗ ಜೊತೆಗಿದ್ದ ಅವನ ಗೆಳೆಯ, ‘ಅಂವಾ ಪ್ರತಿ ಸಲ ಓಡುವಾಗೇ ಬೀಳ್ತಾನ್ರೀ’ ಎಂದ. ಆ ಒಂದು ಮಾತನ್ನು ಮೊದಲ ಸಲ ನಾನು ಕೇಳಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಬೀಳುವಾಗ ತಂದೆತಾಯಿ ಸಾಮಾನ್ಯವಾಗಿ ಎದುರಿಗಿರುವುದಿಲ್ಲ. ಖೋಖೋ ಆಡಿಸುತ್ತಿದ್ದ ಶಿಕ್ಷಕರಿಗೆ, ಬಸ್ ನಿಲ್ದಾಣದಲ್ಲಿ ಜೊತೆಗಿದ್ದ ಗೆಳತಿಗೆ ನೀವೇ ಫೋನ್ ಮಾಡಿ ಕೇಳಿ: ಬೀಳುವುದಕ್ಕೆ ಹತ್ತು ಸೆಕೆಂಡು ಮೊದಲು ಏನು ಮಾಡುತ್ತಿದ್ದಳು, ಓಟದ ನಡುವೆ ಬಿದ್ದಳೋ ನಿಂತ ಮೇಲೆ ಬಿದ್ದಳೋ, ಎದೆ ಹೊಡೆದುಕೊಳ್ಳುತ್ತದೆ ಎಂದಳೋ, ಮುಖ ಯಾವ ಬಣ್ಣಕ್ಕೆ ತಿರುಗಿತು, ಅದುರಿದ್ದು ಬಿದ್ದ ಕೂಡಲೇ ಶುರುವಾಯಿತೋ ಸ್ವಲ್ಪ ತಡೆದೋ, ಎಷ್ಟು ಹೊತ್ತಿಗೆ ಮಾತನಾಡಿದಳು, ಮೊದಲು ಆಡಿದ ಮಾತೇನು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಅವರ ನಂಬರನ್ನೂ ಬರೆದಿಡಿ, ಬೇಕಾದರೆ ನಾವು ಮಾತನಾಡುತ್ತೇವೆ. ಆ ದಿನ ಜ್ವರವಿತ್ತೇ, ವಾಂತಿಭೇದಿ ಆಗಿತ್ತೇ, ಉಪವಾಸವಿದ್ದಳೇ, ಯಾವ ಮಾತ್ರೆ ನುಂಗಿದ್ದಳು ಎಂಬುದನ್ನೂ ನೆನಪಿಸಿಕೊಳ್ಳಿ. ಮಗಳನ್ನೇ ಒಂಟಿಯಾಗಿ ಕೂಡಿಸಿ ಕೇಳಿ. ಶಾಲೆ ಬಿಡಿಸಿಯಾರು ಎಂಬ ಅಂಜಿಕೆಯಿಂದ ಮುಚ್ಚಿಟ್ಟ ಮೂರನೆಯ, ನಾಲ್ಕನೆಯ ಸಲವೂ ಇರಬಹುದು.

ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ಮೂರು ತಲೆಮಾರಿನ ವಂಶದ ಚಿತ್ರ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ, ಪಕ್ಕದಲ್ಲಿ ವಯಸ್ಸು ಹಾಗೂ ಹೇಗೆ ತೀರಿಕೊಂಡರು ಎಂಬುದು ಇರಲಿ. ರಕ್ತಸಂಬಂಧದಲ್ಲಿ ಆದ ಮದುವೆಗಳಿಗೆ ಜೋಡಿ ಗೆರೆ ಎಳೆಯಿರಿ. ‘ಹಾರ್ಟ್ ಅಟ್ಯಾಕ್’ ಎಂದು ಯಾರೂ ಹೇಳದ ಸಾವುಗಳೇ ಇಲ್ಲಿ ಹೆಚ್ಚು ಮುಖ್ಯ. ನೀರಿನಲ್ಲಿ ಹೋದವರು, ರಾತ್ರಿ ಮಲಗಿ ಬೆಳಿಗ್ಗೆ ಏಳದ ಎಳೆಯರು, ತೊಟ್ಟಿಲಿನಲ್ಲೇ ತೀರಿಕೊಂಡ ಕೂಸುಗಳು, ಖಾಲಿ ರಸ್ತೆಯಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದವರು, ಮೂರ್ಛೆರೋಗವೆಂದು ಮಾತ್ರೆ ನುಂಗುತ್ತಿದ್ದವರು, ಹುಟ್ಟು ಕಿವುಡರು, ಇವರೆಲ್ಲರೂ ಆ ಹಾಳೆಯಲ್ಲಿರಬೇಕು. ನಿಮ್ಮ ಮನೆಯ ಚಿತ್ರವನ್ನು ನಾನು ಪತ್ರ ಓದುತ್ತಲೇ ಚೀಟಿಯ ಹಿಂದೆ ಬರೆದು ನೋಡಿದೆ. ನಿಮ್ಮ ತಾಯಿ ಮತ್ತು ನಿಮ್ಮ ಯಜಮಾನರು ಅಕ್ಕತಮ್ಮ. ದೋಷವು ಮುತ್ಯಾ (ಅಜ್ಜ) ಅಥವಾ ಆಯಿಯಿಂದ ಇಳಿದು, ನಿಮ್ಮ ತಾಯಿಯ ಮೂಲಕ ತೀರಿಕೊಂಡ ನಿಮ್ಮ ಅಣ್ಣನಿಗೂ ನಿಮಗೂ ಬಂದಿರಬಹುದು, ಅತ್ತ ನೇರವಾಗಿ ನಿಮ್ಮ ಯಜಮಾನರಿಗೂ ಬಂದಿರಬಹುದು. ಹಾಗಿದ್ದರೆ ನಿಮ್ಮ ಪ್ರತಿ ಮಗುವಿಗೂ ಎರಡೂ ಪ್ರತಿ ಕೆಟ್ಟಿರುವ ಸಂಭವ ನಾಲ್ಕರಲ್ಲಿ ಒಂದು, ಒಂದೇ ಪ್ರತಿ ಕೆಟ್ಟಿರುವ ಸಂಭವ ಎರಡರಲ್ಲಿ ಒಂದು. ಇದೆಲ್ಲ ಊಹೆ, ಪರೀಕ್ಷೆಯೇ ಹೇಳಬೇಕು. ಆದರೂ ನೀವು, ಯಜಮಾನರು, ನಿಮ್ಮ ತಾಯಿ, ಇತರ ಮಕ್ಕಳು ಎಲ್ಲರೂ ಇಸಿಜಿ ತೆಗೆಸಲೇಬೇಕು ಎಂಬುದಕ್ಕೆ ಈ ಊಹೆಯೇ ಸಾಕು. ಸಂಬಂಧದಲ್ಲಿ ಕೊಟ್ಟಿದ್ದರಿಂದಲೇ ಈ ರೋಗ ಬಂತು ಎಂಬ ಮಾತು ಅರ್ಧ ಮಾತ್ರ ನಿಜ. ಒಂದು ಪ್ರತಿಯಿಂದ ಬರುವ ಲಾಂಗ್ ಕ್ಯೂಟಿ ಹೊರಗಿನ ಸಂಬಂಧ ಮಾಡಿದರೂ ಮಕ್ಕಳಿಗೆ ಬರುತ್ತದೆ. ಎರಡೂ ಪ್ರತಿ ಕೆಟ್ಟು ಕಿವಿಯೂ ಹೋಗುವ ಸಂಭವ ಮಾತ್ರ ಒಳಸಂಬಂಧದಿಂದ ಹೆಚ್ಚುತ್ತದೆ.

ಔಷಧಗಳ ವಿಷಯದಲ್ಲಿ ಮಾತ್ರೆಯ ಹೆಸರು ಹೇಳುವುದಕ್ಕಿಂತ ಅದರ ಖಾಲಿ ಸ್ಟ್ರಿಪ್‌ಗಳನ್ನೇ ತನ್ನಿ. ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುವ ಔಷಧಗಳು ನಮ್ಮ ಊರುಗಳಲ್ಲಿ ದಿನನಿತ್ಯ ಕೈಗೆ ಸಿಗುವಂಥವೇ: ನೆಗಡಿ ಕೆಮ್ಮಿಗೆ ಕೊಡುವ ಅಜಿತ್ರೊಮೈಸಿನ್, ಭೇದಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್ ಮತ್ತು ಡೊಂಪೆರಿಡೋನ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್. ಇವು ಕೆಟ್ಟ ಔಷಧಗಳೆಂದಲ್ಲ, ನಾನೇ ಇತರರಿಗೆ ಬರೆಯುತ್ತೇನೆ. ಈ ಇಬ್ಬರು ಮಕ್ಕಳಿಗೆ ಮಾತ್ರ, ಹೃದಯ ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ಬೇಸಿಗೆಯ ವಾಂತಿಭೇದಿಯಲ್ಲಿ ಪೊಟ್ಯಾಸಿಯಂ ಇಳಿದು ಕ್ಯೂಟಿ ಹಿಗ್ಗುತ್ತದೆ, ಅದೇ ಹೊತ್ತಿಗೆ ಊರಿನ ದವಾಖಾನೆಯಲ್ಲಿ ವಾಂತಿಯ ಇಂಜೆಕ್ಷನ್ನೂ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯೂ ಒಟ್ಟಿಗೆ ಬೀಳುತ್ತವೆ. ಈ ಮೂರೂ ಕೂಡಿಬರುವ ದಿನಕ್ಕೆ ನಾನು ಹೆಚ್ಚು ಹೆದರುತ್ತೇನೆ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕುಡಿಸಿ, ಆಸ್ಪತ್ರೆಗೇ ಕರೆದೊಯ್ಯಿರಿ. ನಿಷಿದ್ಧ ಔಷಧಗಳ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡು, ಒಂದು ಪ್ರತಿ ಮನೆಯಲ್ಲಿ, ಒಂದು ಶಾಲೆಯಲ್ಲಿ, ಒಂದು ನೀವು ನಿತ್ಯ ಹೋಗುವ ಔಷಧದ ಅಂಗಡಿಯಲ್ಲಿ ಇಡಿ.

ಉಳಿದ ತಯಾರಿ ಸಣ್ಣದು. ಮಗಳು ಮುಂದೆ ಬಿಚ್ಚಲು ಬರುವ ಸಡಿಲ ಮೇಲಂಗಿ ತೊಡಲಿ, ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಇಲ್ಲದಿದ್ದರೆ ತಂತಿ ಅಂಟುವುದಿಲ್ಲ. ಬೆಳಗಿನ ಮಾತ್ರೆ ತಪ್ಪಿಸಬೇಡಿ. ಲಘುವಾಗಿ ತಿಂದು, ನೀರು ಕುಡಿದು ಬರಲಿ. ರೇಷನ್ ಕಾರ್ಡ್, ಎಲ್ಲರ ಆಧಾರ್, ತಾಲ್ಲೂಕು ಆಸ್ಪತ್ರೆಯ ಶಿಫಾರಸು ಪತ್ರ ಇರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಯಾವ ಪರೀಕ್ಷೆ, ಯಾವ ಚಿಕಿತ್ಸೆ ಅದರಡಿ ಬರುತ್ತದೆ ಎಂದು ಮೊದಲೇ ವಿಚಾರಿಸಿ. ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೇ ಇರುವುದರಿಂದ ಮೊದಲ ಹಂತದ ಪರೀಕ್ಷೆಗಳಿಗೆ ದೂರ ಹೋಗಬೇಕಾಗಿಲ್ಲ. ಲಯದ ತೊಂದರೆಗಳಲ್ಲೇ ಪರಿಣತಿ ಪಡೆದವರನ್ನು ನೋಡಲು ಮುಂದೆ ಬೆಂಗಳೂರಿಗೋ ಹೈದರಾಬಾದಿಗೋ ಕಳುಹಿಸಬಹುದು. ನಿಮಗೆ ಹೈದರಾಬಾದೇ ಹತ್ತಿರ, ಆದರೆ ನಿಮ್ಮ ಕಾರ್ಡು ಅಲ್ಲಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿಯೇ ಹೊರಡಿ.

ಅಲ್ಲಿ ಮಲಗಿಸಿ, ನಿಲ್ಲಿಸಿ ಇಸಿಜಿ ತೆಗೆಯುತ್ತಾರೆ, ರಕ್ತದಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೋಡುತ್ತಾರೆ, ಹೃದಯದ ರಚನೆ ನೋಡಲು ಎಕೋ ಮಾಡುತ್ತಾರೆ. ಲಾಂಗ್ ಕ್ಯೂಟಿಯಲ್ಲಿ ಎಕೋ ಸರಿಯಾಗಿಯೇ ಇರುವುದರಿಂದ ‘ಎಕೋ ನಾರ್ಮಲ್’ ಎಂದು ಎದ್ದು ಬರಬೇಡಿ. ಒಂದು ದಿನ ಪೂರ್ತಿ ಮೈಮೇಲೆ ಇದ್ದು ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರ, ವೈದ್ಯರ ಕಣ್ಣೆದುರಿಗೇ ನಡೆಸುವ ಟ್ರೆಡ್‌ಮಿಲ್ ಪರೀಕ್ಷೆ ಬೇಕಾಗಬಹುದು. ಓಡಿದರೆ ಬೀಳುವ ಮಗಳನ್ನು ಓಡಿಸುತ್ತಾರಲ್ಲ ಎಂದು ನಿಮಗೆ ದಿಗಿಲಾಗಬಹುದು. ಎದೆಗೆ ತಂತಿ ಅಂಟಿಸಿ, ಶಾಕ್ ಕೊಡುವ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಮಾಡುತ್ತಾರೆ, ಓಟ ನಿಲ್ಲಿಸಿದ ನಂತರದ ನಾಲ್ಕನೆಯ ನಿಮಿಷದ ಗೆರೆಯಲ್ಲಿ ನಮಗೆ ಬಹಳ ವಿಷಯ ಸಿಗುತ್ತದೆ. ಸಾಮಾನ್ಯ ಇಸಿಜಿಯಲ್ಲಿ ಏನೂ ಕಾಣದೆ ಓಟದಲ್ಲಿ ಮಾತ್ರ ಹೊರಬೀಳುವ ಇನ್ನೊಂದು ಆನುವಂಶಿಕ ಲಯದೋಷವೂ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ರೋಗ ಖಚಿತವಾದರೆ ಚಿಕಿತ್ಸೆ ಬಹುಮಟ್ಟಿಗೆ ಮಾತ್ರೆಯಿಂದಲೇ ಶುರುವಾಗುತ್ತದೆ. ಪ್ರೊಪ್ರನೊಲಾಲ್ ಅಥವಾ ನಾಡೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆಗಳು ಓಟ, ಗಾಬರಿಗಳ ಹೊತ್ತಿನಲ್ಲಿ ಹೃದಯದ ಮೇಲೆ ಬೀಳುವ ಒತ್ತಡವನ್ನು ತಗ್ಗಿಸುತ್ತವೆ. ಮೊದಲ ಬಗೆಯ ಲಾಂಗ್ ಕ್ಯೂಟಿಯಲ್ಲಿ ಇವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಆಯಾಸ, ಕೈಕಾಲು ತಣ್ಣಗಾಗುವುದು, ಕೆಟ್ಟ ಕನಸುಗಳು ಕೆಲವರಿಗೆ ಬರುತ್ತವೆ. ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ಸಣ್ಣ ಮಕ್ಕಳಲ್ಲಿ ಊಟ ಬಿಟ್ಟ ದಿನ ರಕ್ತದ ಸಕ್ಕರೆ ಇಳಿಯುವುದುಂಟು, ಮಗನಿಗೂ ಕೊಟ್ಟರೆ ಇದು ನೆನಪಿರಲಿ. ಆದರೆ ಈ ಮಾತ್ರೆಯ ನಿಜವಾದ ಅಪಾಯ ಅದನ್ನು ಬಿಟ್ಟಾಗ ಬರುತ್ತದೆ. ಒಂದು ವರ್ಷ ಏನೂ ಆಗಲಿಲ್ಲ, ಇನ್ನು ಸಾಕು ಎಂದು ನಿಲ್ಲಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಜಾತ್ರೆಗೆ ಹೋದಾಗ, ಮದುವೆಗೆ ಹೋದಾಗ ಮಾತ್ರೆ ಊರಲ್ಲೇ ಉಳಿಯುತ್ತದೆ. ಹತ್ತು ದಿನದ ಮಾತ್ರೆ ಯಾವಾಗಲೂ ಹೆಚ್ಚುವರಿಯಾಗಿ ಕೈಯಲ್ಲಿರಲಿ.

ನೀವು ಕೇಳಿದ ಮೆಷಿನ್, ಅಂದರೆ ಐಸಿಡಿ, ಎಲ್ಲರಿಗೂ ಬೇಕಾಗುವುದಿಲ್ಲ. ಹೃದಯ ಒಮ್ಮೆ ನಿಂತು ಬದುಕಿ ಬಂದವರಿಗೆ, ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೂ ಮತ್ತೆ ಬೀಳುವವರಿಗೆ, ಕೆಲವು ಅತಿ ತೀವ್ರ ಬಗೆಯವರಿಗೆ ಅದನ್ನು ಸೂಚಿಸುತ್ತೇವೆ. ಅದು ಲಯ ತಪ್ಪುವುದನ್ನು ತಡೆಯುವುದಿಲ್ಲ, ತಪ್ಪಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುತ್ತದೆ. ಜೀವ ಉಳಿಸುತ್ತದೆ ಎಂಬುದು ಎಷ್ಟು ನಿಜವೋ, ಎಚ್ಚರವಿದ್ದಾಗ ಬೇಡದ ಶಾಕ್ ಹೊಡೆಯಬಹುದು, ಸೋಂಕಾಗಬಹುದು, ತಂತಿ ಮುರಿಯಬಹುದು, ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಮುಗಿದು ಮತ್ತೆ ಆಪರೇಷನ್ ಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ. 14 ವರ್ಷದ ಹುಡುಗಿಗೆ ಆತುರದಿಂದ ನಿರ್ಧರಿಸುವ ವಿಷಯ ಅದಲ್ಲ. ‘ಮಾತ್ರೆ ಸಾಲದು ಎಂದು ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ?’ ಎಂದು ನೀವು ಧೈರ್ಯವಾಗಿ ಕೇಳಬಹುದು, ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಮಾತ್ರೆಗೂ ಮೆಷಿನ್‌ಗೂ ನಡುವೆ, ಹೃದಯಕ್ಕೆ ಹೋಗುವ ಎಡಭಾಗದ ಕೆಲವು ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದರಿಂದ ರೆಪ್ಪೆ ತುಸು ಜೋತುಬೀಳುವ, ಮೈಯ ಒಂದು ಬದಿ ಬೆವರದಿರುವ ತೊಂದರೆಗಳಾಗಬಹುದು, ಅದನ್ನು ಮಾಡುವ ಕೇಂದ್ರಗಳೂ ಕಡಿಮೆ.

ಜೀನ್ ಪರೀಕ್ಷೆಗೆ ಬೇಕಾಗುವುದು ಸ್ವಲ್ಪ ರಕ್ತ ಮತ್ತು ಕೆಲವು ವಾರಗಳ ತಾಳ್ಮೆ. ರೋಗ ಸ್ಪಷ್ಟವಾಗಿರುವವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಕೆಟ್ಟ ಜೀನ್ ಸಿಗುತ್ತದೆ. ಸಿಗದಿದ್ದರೆ ರೋಗವಿಲ್ಲ ಎಂದು ಅರ್ಥವಲ್ಲ. ‘ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ’ ಎಂಬ ವರದಿಯೂ ಬರಬಹುದು, ಅದನ್ನು ಹಿಡಿದು ಮನೆಮಂದಿಗೆಲ್ಲ ರೋಗದ ಪಟ್ಟ ಕಟ್ಟಬಾರದು. ಮೊದಲು ಮಗಳಿಗೆ, ಇಸಿಜಿ ಹೆಚ್ಚಿದ್ದರೆ ಮಗನಿಗೆ ಮಾಡಿಸಿ. ಅವರಲ್ಲಿ ಸಿಕ್ಕರೆ ಉಳಿದವರಿಗೆ ಆ ಒಂದನ್ನಷ್ಟೇ ಹುಡುಕಿದರೆ ಸಾಕು, ಖರ್ಚೂ ಇಳಿಯುತ್ತದೆ. ಹಣ ಕೂಡದಿದ್ದರೆ ಇದಕ್ಕಾಗಿ ಸಾಲ ಮಾಡಿ ಮಾತ್ರೆಗೆ ಕೊರತೆ ಮಾಡಿಕೊಳ್ಳಬೇಡಿ, ಚಿಕಿತ್ಸೆಯನ್ನು ಇಸಿಜಿಯ ಆಧಾರದ ಮೇಲೆಯೇ ಶುರು ಮಾಡಬಹುದು.

ಅಲ್ಲಿಯವರೆಗೆ ಮಗಳು ಓಟ, ಖೋಖೋ, ಕಬಡ್ಡಿ ಬಿಡಲಿ. ಬಾವಿಗೂ ನಾರಾಯಣಪುರ ಎಡದಂಡೆ ಕಾಲುವೆಗೂ ಇಬ್ಬರು ಮಕ್ಕಳೂ ಇಳಿಯುವುದು ಬೇಡ, ಬಟ್ಟೆ ಒಗೆಯಲೂ ಒಬ್ಬಳನ್ನೇ ಕಳುಹಿಸಬೇಡಿ. ಶಾಲೆ ಬಿಡಿಸಬೇಡಿ. ನಡೆದು ಹೋಗಲಿ, ಓದಲಿ, ಗೆಳತಿಯರ ಜೊತೆ ಇರಲಿ.

ಇನ್ನು ಆಯಿಯ ಮಾತು. ಅವರ ಅಂಜಿಕೆ ಸುಳ್ಳಲ್ಲ, ಕನ್ಯಾ ನೋಡಲು ಬರುವವರು ಏನೇನು ಕೆದಕುತ್ತಾರೆ ಎಂಬುದು ನನಗೂ ಗೊತ್ತು. ವೈದ್ಯರ ಕೋಣೆಯಲ್ಲಿ ಹೇಳಿದ್ದು ಓಣಿಗೆ ಹೋಗುವುದಿಲ್ಲ ಎಂದು ಅವರಿಗೆ ಹೇಳಿ. ಚಿಕಿತ್ಸೆಯಲ್ಲಿರುವ ಹುಡುಗಿಯರು ಮದುವೆಯಾಗುತ್ತಾರೆ, ಬಸಿರು ಬಾಣಂತನಗಳನ್ನು ಮಾತ್ರೆ ಬಿಡದೆ, ವೈದ್ಯರ ಕಣ್ಗಾವಲಿನಲ್ಲಿ ದಾಟುತ್ತಾರೆ. ಮಕ್ಕಳಿಗೆ ದೋಷ ಬರುವ ಸಂಭವ ಎರಡರಲ್ಲಿ ಒಂದು, ಹುಟ್ಟಿದ ಕೂಡಲೇ ಇಸಿಜಿ ತೆಗೆಸಿದರಾಯಿತು. ಈಕೆಯನ್ನು ಮತ್ತೆ ಮನೆಯೊಳಗೇ ಕೊಡುವ ಮಾತು ಮಾತ್ರ ಬೇಡ. ಅಣ್ಣನ ಸಾವನ್ನು ಮುಚ್ಚಿಟ್ಟರೆ ವೈದ್ಯರಿಗೆ ಸಿಗಬೇಕಾದ ದೊಡ್ಡ ಸುಳಿವೇ ಕೈತಪ್ಪಿ, ಮಗಳು ಇನ್ನೆರಡು ವರ್ಷ ಫಿಟ್ಸ್ ಮಾತ್ರೆಯಲ್ಲೇ ಉಳಿಯಬಹುದು. ಸಾಧ್ಯವಾದರೆ ಆಯಿಯನ್ನೂ ಜೊತೆಗೆ ಕರೆತನ್ನಿ. ಅವರ ಇಸಿಜಿಯೂ ಬೇಕು, ಮುತ್ಯಾನ ಒಡಹುಟ್ಟಿದವರಲ್ಲಿ ಯಾರು ಯಾವ ವಯಸ್ಸಿನಲ್ಲಿ ಹೇಗೆ ತೀರಿಕೊಂಡರು ಎಂಬುದು ನಿಮ್ಮ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ. ವಂಶದ ಹಾಳೆಯನ್ನು ಬರೆಯುವಾಗ ಪಕ್ಕದಲ್ಲಿ ಅವರನ್ನೇ ಕೂಡಿಸಿಕೊಳ್ಳಿ.